ಲಾರಿ ಹತ್ತುವ ಮೊದಲು

ಕಾಲೇಜಿನ ನೆನಪು ಅಂದರೆ ಹಾಸ್ಟೆಲ್ ಮೆಸ್ಸು, ಅನಾಟಮಿ ಹಾಲಿನ ಫಾರ್ಮಲಿನ್ ವಾಸನೆ, ವೈವಾದಲ್ಲಿ ಬೆವರಿದ್ದು, ಇವನ್ನೆಲ್ಲ ನಮ್ಮ ಬ್ಯಾಚಿನವರು ಯಾರಾದರೂ ಬರೆದೇ ಬರೆಯುತ್ತಾರೆ. ನಾನು ಕುದುರೆ ಲಾಯದ ಬಗ್ಗೆ ಬರೆಯುತ್ತೇನೆ. ಅದರಲ್ಲೂ ಕುದುರೆಯನ್ನು ಲಾರಿಗೆ ಹತ್ತಿಸುವುದರ ಬಗ್ಗೆ. ಇದೂ ಒಂದು ವಿಷಯವಾ ಅಂತ ನಗಬೇಡಿ. ಪಶುವೈದ್ಯನಾಗಿ ಊರೂರು ಸುತ್ತಿದ ಮೇಲೆ ಹೇಳುತ್ತಿದ್ದೇನೆ, ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಕಲಿತದ್ದರಲ್ಲಿ ನನಗೆ ಅತಿ ಹೆಚ್ಚು ಕೆಲಸಕ್ಕೆ ಬಂದದ್ದು ಇದೇ.

ನಾವು ಓದಿದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಆಗ ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯ ಇನ್ನೂ ಹುಟ್ಟಿರಲಿಲ್ಲ, ನಮ್ಮ ಸರ್ಟಿಫಿಕೇಟಿನ ಮೇಲೆ ಕೃಷಿ ವಿಶ್ವವಿದ್ಯಾಲಯದ ಮುದ್ರೆ ಇದೆ. ಎನ್‌ಸಿಸಿಯಲ್ಲಿ ರಿಮೌಂಟ್ ಅಂಡ್ ವೆಟರ್ನರಿ ಅಂತ ಒಂದು ವಿಭಾಗ ಇದೆ, ಕುದುರೆಗಳದ್ದು. ಸವಾರಿ ಸಿಗುತ್ತದೆ, ಬೆಳಗಿನ ಕ್ಲಾಸಿಗೆ ಸ್ವಲ್ಪ ತಡವಾಗಿ ಹೋದರೂ ನಡೆಯುತ್ತದೆ ಅನ್ನುವ ಆಸೆಯಿಂದಲೇ ಜಾಸ್ತಿ ಜನ ಸೇರುತ್ತಿದ್ದರು. ನಾನೂ ಅಷ್ಟೇ.

ಸವಾರಿ ಎಲ್ಲಿ ಸಿಕ್ಕೀತು! ನಮಗೆ ಕಲಿಸುತ್ತಿದ್ದ ದಫೇದಾರ್ (ಕುದುರೆ ಪಡೆಯ ಹವಾಲ್ದಾರ್) ಸಾಹೇಬರು ಹರಿಯಾಣ ಕಡೆಯವರು. ಕನ್ನಡ ಚೆನ್ನಾಗಿಯೇ ಕಲಿತಿದ್ದರು, ಆದರೆ ಬೈಯುವುದು ಮಾತ್ರ ಹಿಂದಿಯಲ್ಲಿ. ಶುರುವಿನಲ್ಲಿ ವಾರಗಟ್ಟಲೆ ಜೀನು ಮುಟ್ಟಲೂ ಬಿಡಲಿಲ್ಲ. ಲದ್ದಿ ಎತ್ತು, ಗೊರಸು ಕೆರೆ, ಮಾಲೀಷ್ ಮಾಡು. ಗೊರಸು ಕೆರೆಯುವಾಗ ಹಿಮ್ಮಡಿಯಿಂದ ಮುಂದಕ್ಕೆ, ನಡುವಿನ ಮೆತ್ತನೆ ಭಾಗಕ್ಕೆ ತಾಗದ ಹಾಗೆ. ಕುದುರೆಯ ಹಿಂದೆ ಹಾದು ಹೋಗುವಾಗ ಒಂದು ಕೈ ಅದರ ಹಿಂಭಾಗದ ಮೇಲೆ ಇಟ್ಟು, ಬಾಯಲ್ಲಿ ಏನಾದರೂ ಮಾತಾಡುತ್ತಾ, ಮೈಗೆ ಒತ್ತಿಕೊಂಡ ಹಾಗೆ ಹೋಗಬೇಕು. ಯಾಕೆಂದರೆ ಕುದುರೆಯ ಕಣ್ಣು ತಲೆಯ ಎರಡು ಪಕ್ಕದಲ್ಲಿದೆ, ಸುತ್ತಮುತ್ತ ಹೆಚ್ಚುಕಡಿಮೆ ಎಲ್ಲ ಕಾಣುತ್ತದೆ, ಬಾಲದ ನೇರ ಹಿಂದೆ ಮತ್ತು ಹಣೆಯ ನೇರ ಮುಂದೆ ಮಾತ್ರ ಕಾಣುವುದಿಲ್ಲ. ಕಾಣದ ಕಡೆಯಿಂದ ಏನೋ ಬಂತು ಅಂದರೆ ಅದು ಮೊದಲು ಒದೆಯುತ್ತದೆ, ಯಾರು ಅಂತ ಆಮೇಲೆ ನೋಡುತ್ತದೆ.

ಇದಾದ ಮೇಲೆ ಹಗ್ಗ. ಹಗ್ಗ ಹಿಡಿದು ನಡೆಸುವುದು ಕೂಡ ಕಲಿಯುವ ವಿಷಯ ಅಂತ ನಮಗೆ ಯಾರಿಗೂ ಅನ್ನಿಸಿರಲಿಲ್ಲ. ದನ ಹೊಡೆದುಕೊಂಡು ಬೆಳೆದ ಹುಡುಗರು ನಾವು. ಕುದುರೆಯ ಎದುರಿಗೆ ನಿಂತು, ಅದರ ಮುಖವನ್ನೇ ನೋಡುತ್ತಾ ಹಗ್ಗ ಜಗ್ಗುತ್ತಿದ್ದೆವು. ಅದು ಹಿಂದಕ್ಕೆ ವಾಲುತ್ತಿತ್ತು. ನಾವು ಇನ್ನೂ ಜಗ್ಗುತ್ತಿದ್ದೆವು. ನಾನೂರು ಕಿಲೋ ಪ್ರಾಣಿಯ ಜೊತೆ ಅರವತ್ತು ಕಿಲೋ ಹುಡುಗ ಹಗ್ಗಜಗ್ಗಾಟ ಆಡಿದರೆ ಯಾರು ಗೆಲ್ಲುತ್ತಾರೆ ಹೇಳಿ. ಸಾಹೇಬರು ಬಂದು ಹಗ್ಗ ಇಸಿದುಕೊಂಡು, ಕುದುರೆಯ ಎಡ ಭುಜದ ಪಕ್ಕ ನಿಂತು, ಮುಂದೆ ಎಲ್ಲೋ ದೂರ ನೋಡುತ್ತಾ, ಹಗ್ಗವನ್ನು ಸುಮ್ನೆ ಸ್ವಲ್ಪ ಬಿಗಿ ಮಾಡಿ ಹಾಗೇ ಹಿಡಿದರು. ಜಗ್ಗಲಿಲ್ಲ, ಬಿಡಲೂ ಇಲ್ಲ. ಕುದುರೆ ಕಿವಿ ಆಡಿಸಿತು, ತಲೆ ಒಂಚೂರು ತಗ್ಗಿಸಿತು, ಮುಂದಿನ ಕಾಲು ಒಂದು ಗೇಣು ಮುಂದಿಟ್ಟಿತು. ಇಟ್ಟ ಕ್ಷಣದಲ್ಲೇ ಹಗ್ಗ ಸಡಿಲ! ಮತ್ತೆ ಬಿಗಿ, ಮತ್ತೆ ಒಂದು ಹೆಜ್ಜೆ, ಮತ್ತೆ ಸಡಿಲ. ಕುದುರೆಗೆ ಪಾಠ ಆಗುವುದು ಬಿಗಿ ಹಿಡಿದಾಗ ಅಲ್ಲ, ಬಿಟ್ಟಾಗ. ಬಿಡುವುದು ಎರಡು ಸೆಕೆಂಡ್ ತಡವಾದರೂ ತಾನು ಯಾವುದು ಸರಿ ಮಾಡಿದೆ ಅಂತ ಅದಕ್ಕೆ ತಿಳಿಯುವುದಿಲ್ಲ.

ಆ ಹಗ್ಗವನ್ನು ಕೈಗೆ ಸುತ್ತಿಕೊಂಡರೆ ಮಾತ್ರ ಅವತ್ತು ಪೂರ್ತಿ ಲದ್ದಿ ಡ್ಯೂಟಿ. ಕುದುರೆ ಬೆಚ್ಚಿ ಓಡಿದರೆ ಬೆರಳು ಹೋಗುತ್ತದೆ ಅಂತ. ಮಿಕ್ಕ ಹಗ್ಗವನ್ನು ಮಡಿಕೆ ಮಡಿಕೆ ಮಾಡಿ ಅಂಗೈಯಲ್ಲಿ ಹಿಡಿಯಬೇಕು.

ಮುಂದಿನದು ಹಳೇ ಬಾಗಿಲಿನ ಕತೆ. ಹಾಸ್ಟೆಲ್ ರಿಪೇರಿಯಲ್ಲಿ ಕಿತ್ತು ಬಿಸಾಕಿದ್ದ ಒಂದು ಮರದ ಬಾಗಿಲನ್ನು ಸಾಹೇಬರು ಲಾಯಕ್ಕೆ ಹೊರಿಸಿಕೊಂಡು ಬಂದರು. ಅದನ್ನು ನೆಲದ ಮೇಲೆ ಮಲಗಿಸಿ ಕುದುರೆಗಳನ್ನು ಒಂದೊಂದಾಗಿ ಅದರ ಮೇಲೆ ನಡೆಸುವುದು. ಮೊದಲ ದಿನ ಒಂದೂ ಹತ್ತಲಿಲ್ಲ. ಮೂಸಿದವು, ಬುಸ್ ಅಂದವು, ಪಕ್ಕಕ್ಕೆ ಸರಿದವು. ಲಾಳ ಬಿದ್ದಾಗ ಮರ ಡಬ್ ಅನ್ನುವ ಸದ್ದಿಗೇ ಬೆದರುತ್ತಿದ್ದವು. ಹಲಗೆ ಒಗ್ಗಿದ ಮೇಲೆ ಅದರ ಮೇಲೇ ನಿಲ್ಲಿಸಿ ಹುಲ್ಲು ಕೊಡುವುದು. ನಂತರ ಎರಡು ಕಡೆ ಬಿದಿರು ಕಟ್ಟಿ ಇಕ್ಕಟ್ಟಾದ ದಾರಿ ಮಾಡುವುದು. ಅದರ ಮೇಲೆ ಟಾರ್ಪಾಲು ಹೊದಿಸಿ ಒಳಗೆ ಕತ್ತಲು ಮಾಡುವುದು. ಆ ಕತ್ತಲೆಯಿಂದ ಒಂದೊಂದೇ ಹೆಜ್ಜೆ ಹಿಂದಕ್ಕೆ ಇಳಿಸಿಕೊಂಡು ಬರುವುದು. ನಮಗೆ ಇದೆಲ್ಲ ಸರ್ಕಸ್ಸಿನ ಹಾಗೆ ಕಾಣುತ್ತಿತ್ತು. ಸವಾರಿ ಯಾವಾಗ ಸಾರ್ ಅಂತ ಕೇಳಿದರೆ, ಸವಾರಿ ಇದೇ ಅನ್ನುತ್ತಿದ್ದರು.

ಮೈಸೂರಿನಲ್ಲಿ ಒಂದು ಪ್ರದರ್ಶನಕ್ಕೆ ಹೋಗುವುದಿತ್ತು. ಬಾಡಿಗೆ ಲಾರಿ ಬಂತು. ಮಣ್ಣಿನ ದಿಬ್ಬಕ್ಕೆ ಅದರ ಹಿಂಭಾಗ ತಾಗಿಸಿ ನಿಲ್ಲಿಸಿದರು, ಇಳಿಜಾರು ಕಮ್ಮಿ ಆಗಲಿ ಅಂತ. ಸಾಹೇಬರು ಮೊದಲು ತಾವೇ ಒಳಗೆ ಹೋಗಿ ನೆಲವನ್ನು ಕಾಲಿನಲ್ಲಿ ಒದ್ದು ನೋಡಿದರು, ಸೀಳು ಹಲಗೆ ಇದೆಯಾ, ಮೊಳೆ ಎದ್ದಿದೆಯಾ ಅಂತ. ತೆಂಗಿನ ನಾರಿನ ಚಾಪೆ ಹಾಸಿ, ಮೇಲೆ ಮರಳು, ಅದರ ಮೇಲೆ ಭತ್ತದ ಹುಲ್ಲು. ಲಾರಿಯ ಬರೀ ನೆಲದ ಮೇಲೆ ಕುದುರೆ ಉಚ್ಚೆ ಹೊಯ್ದರೆ ಲಾಳ ಕಟ್ಟಿದ ಕಾಲು ನಿಲ್ಲುವುದೇ ಇಲ್ಲ.

1978ರ ಪ್ರಾಣಿ ಸಾಗಣೆ ನಿಯಮಗಳಲ್ಲಿ ಕುದುರೆಗೆ ಅಂತಲೇ ಒಂದು ಅಧ್ಯಾಯ ಇದೆ. ಒಂದು ವಾಹನದಲ್ಲಿ ನಾಲ್ಕರಿಂದ ಆರಕ್ಕಿಂತ ಜಾಸ್ತಿ ಇರಬಾರದು. ಒಂದೊಂದರ ನಡುವೆ ಕನಿಷ್ಠ 8 ಸೆಂ.ಮೀ. ದಪ್ಪದ ಬಿದಿರು, ಹಿಂದೆ ಎರಡು ಗಟ್ಟಿ ಅಡ್ಡಪಟ್ಟಿ. ಎದುರು ಬರುವ ಗಾಡಿಗಳಿಗೆ ಬೆದರದ ಹಾಗೆ ತಲೆ ಎಡಕ್ಕೆ ಇರಬೇಕು. ಒಬ್ಬ ಆಳು ಜೊತೆಗಿರಬೇಕು. ವೇಗ ಗಂಟೆಗೆ 35 ಕಿ.ಮೀ. ಮೀರಬಾರದು. ಬೆಂಗಳೂರಿನಿಂದ ಮೈಸೂರಿಗೆ ಆ ವೇಗದಲ್ಲಿ ಹೋದರೆ ನಾಲ್ಕು ಗಂಟೆ ದಾಟುತ್ತದೆ, ಡ್ರೈವರ್ ಮುಖ ನೋಡಬೇಕಿತ್ತು. ಅವನಿಗೆ ನಿಯಮ ಹೇಳಿದರೆ ತಲೆಗೆ ಹೋಗುವುದಿಲ್ಲ ಅಂತ ಸಾಹೇಬರಿಗೆ ಗೊತ್ತಿತ್ತು. ಅರ್ಧ ಬಕೆಟ್ ನೀರು ಅವನ ಪಕ್ಕದಲ್ಲೇ ಇಟ್ಟು, ಮದ್ದೂರು ಮುಟ್ಟುವಾಗ ಇಷ್ಟೂ ನೀರು ಇದ್ದರೆ ವಡೆ ನನ್ನ ಲೆಕ್ಕ ಅಂದರು. ಬ್ರೇಕು ಹೇಗೆ ಹಾಕಬೇಕು, ತಿರುವಿನಲ್ಲಿ ಹೇಗೆ ಹೋಗಬೇಕು ಅನ್ನುವುದನ್ನು ಆ ಬಕೆಟ್ಟೇ ಅವನಿಗೆ ಕಲಿಸಿತು. ಕುದುರೆಯ ಮೈಭಾರದಲ್ಲಿ ನೂರಕ್ಕೆ ಅರವತ್ತು ಪಾಲು ಮುಂಗಾಲಿನ ಮೇಲೇ ಇರುತ್ತದೆ, ಗಾಡಿ ಜರ್ರನೆ ನಿಂತರೆ ಅದಕ್ಕೆ ಸಾವರಿಸಿಕೊಳ್ಳುವುದು ಬಹಳ ಕಷ್ಟ.

ಹತ್ತಿಸುವುದಕ್ಕೆ ಎಷ್ಟು ಹೊತ್ತು ಹಿಡಿಯುತ್ತೋ ಅಂತ ನಾವೆಲ್ಲ ಬೆತ್ತ, ಗೋಧಿ ಬೂಸಾ, ಉದ್ದ ಹಗ್ಗ ಎಲ್ಲ ರೆಡಿ ಮಾಡಿಕೊಂಡು ನಿಂತಿದ್ದೆವು. ಏನೂ ಬೇಕಾಗಲಿಲ್ಲ. ಲಾಯದ ಹಿರಿಯ ಕುದುರೆ ಮೊದಲು, ಅದರ ಹಿಂದೆ ಉಳಿದವು, ಹಳೇ ಬಾಗಿಲಿನ ಮೇಲೆ ಹತ್ತಿದ ಹಾಗೇ ಹತ್ತಿದವು. ಒಂದು ಮಾತ್ರ ಬಾಗಿಲಲ್ಲಿ ನಿಂತಿತು. ಹೊರಗೆ ಬಿಸಿಲು, ಒಳಗೆ ಕತ್ತಲು, ಕುದುರೆ ಕಣ್ಣು ಹೊಂದಿಕೊಳ್ಳುವುದು ನಮಗಿಂತ ನಿಧಾನ. ಸಾಹೇಬರು ಯಾರಿಗೂ ಮಾತಾಡಬೇಡಿ ಅಂತ ಸನ್ನೆ ಮಾಡಿ ಹಾಗೇ ಬಿಟ್ಟರು. ಅದು ತಲೆ ತಗ್ಗಿಸಿ ನೆಲ ಮೂಸಿ, ಒಂದು ನಿಟ್ಟುಸಿರು ಬಿಟ್ಟು ಒಳಗೆ ಹೋಯಿತು.

ಈಗ ಓದುವ ಕೆಡೆಟ್‌ಗಳು ಇದೊಂದನ್ನು ಗುರುತು ಹಾಕಿಕೊಳ್ಳಿ. ಒಳಗೆ ಹೋದ ಕುದುರೆಗೆ ಮೊದಲು ಹಿಂದಿನ ಅಡ್ಡಪಟ್ಟಿ ಹಾಕಬೇಕು, ಆಮೇಲೆ ತಲೆ ಕಟ್ಟಬೇಕು. ಇಳಿಸುವಾಗ ತಿರುಗು ಮುರುಗು, ಮೊದಲು ತಲೆ ಬಿಚ್ಚು, ಆಮೇಲೆ ಪಟ್ಟಿ ತೆಗೆ. "ಚಢಾತೇ ವಕ್ತ್ ಹಿಂದೆ ಮೊದಲು, ಉತಾರ್ತೇ ವಕ್ತ್ ಮುಂದೆ ಮೊದಲು" ಅಂತ ಸಾಹೇಬರು ಬೆರಕೆ ಭಾಷೆಯಲ್ಲಿ ನಮ್ಮಿಂದ ಬಾಯಿಪಾಠ ಮಾಡಿಸಿದ್ದರು. ತಲೆ ಕಟ್ಟಿ, ಹಿಂದೆ ತೆರೆದಿದ್ದರೆ ಕುದುರೆ ಹಿಂದಕ್ಕೆ ಸರಿಯುತ್ತದೆ, ಹಗ್ಗ ತಡೆಯುತ್ತದೆ, ತಾನು ಸಿಕ್ಕಿಬಿದ್ದೆ ಅಂತ ಅದಕ್ಕೆ ಗೊತ್ತಾಗುತ್ತದೆ. ಅಲ್ಲಿಂದ ಮುಂದೆ ನೀವು ಏನು ಹೇಳಿದರೂ ಅದು ಕೇಳುವುದಿಲ್ಲ. ಹಗ್ಗವನ್ನು ನೇರ ಕಬ್ಬಿಣಕ್ಕೆ ಕಟ್ಟಬಾರದು. ಸುತ್ತಲಿ ಅನ್ನುವ ತೆಳು ಸೆಣಬಿನ ದಾರದ ಒಂದು ಕುಣಿಕೆ ಮಾಡಿ ಅದಕ್ಕೆ ಕಟ್ಟಬೇಕು, ಎಳೆದರೆ ಬಿಚ್ಚುವ ಗಂಟು ಹಾಕಿ. ಗಾಬರಿಯಲ್ಲಿ ಜಗ್ಗಿದರೆ ಸುತ್ತಲಿ ಹರಿಯಲಿ, ಕುತ್ತಿಗೆ ಉಳಿಯಲಿ.

ಇದು ಎಷ್ಟು ದೊಡ್ಡ ವಿಷಯ ಅಂತ ಗೊತ್ತಾಗಿದ್ದು ಕೆಲಸಕ್ಕೆ ಸೇರಿದ ಮೇಲೆ. ಒಂದು ಸಲ ರಾತ್ರಿ ಹೊತ್ತು ಕರೆ ಬಂತು, ಮದುವೆ ಮೆರವಣಿಗೆ ಮುಗಿಸಿ ಕುದುರೆಯನ್ನು ತರಕಾರಿ ಟೆಂಪೋದಲ್ಲಿ ವಾಪಸ್ ಸಾಗಿಸುತ್ತಿದ್ದರಂತೆ. ಹೋಗಿ ನೋಡಿದರೆ ತಲೆಯನ್ನು ಗಿಡ್ಡ ಹಗ್ಗದಲ್ಲಿ ಕ್ಯಾಬಿನ್ನಿನ ಕಂಬಿಗೆ ಬಿಗಿದಿದ್ದಾರೆ, ಹಿಂದೆ ಪಟ್ಟಿ ಇಲ್ಲ, ನೆಲ ಬರೀ ತಗಡು. ಹಿಂಗಾಲು ಜಾರಿ ಡಾಲಾದ (ಹಿಂಬಾಗಿಲಿನ) ಸಂದಿಗೆ ಹೋಗಿತ್ತು. ಹೊಳೆಯುವ ಜೂಲು, ಕಾಲಿಗೆ ಕಟ್ಟಿದ ಗೆಜ್ಜೆ ಹಾಗೇ ಇತ್ತು, ಗೆಜ್ಜೆ ಕೆಳಗೆ ಚರ್ಮ ಮೂಳೆಯ ತನಕ ಸುಲಿದಿತ್ತು. ನಿದ್ದೆ ಬರಿಸುವ ಇಂಜೆಕ್ಷನ್ ಕೊಟ್ಟು, ತಗಡು ಕತ್ತರಿಸಿ ಬಿಡಿಸಬೇಕಾಯಿತು. ಆ ಕುದುರೆ ಬದುಕಿತು. ಆದರೆ ಮುಂದೆ ಯಾವ ಗಾಡಿಯ ಹತ್ತಿರವೂ ಸುಳಿಯಲಿಲ್ಲ.

ಇನ್ನೊಂದು ಥರದ್ದು ಕಣ್ಣಿಗೆ ಕಾಣುವುದಿಲ್ಲ. ಉತ್ತರದಿಂದ ಎರಡು ಮೂರು ದಿನ ಲಾರಿಯಲ್ಲಿ ಬಂದ ಕುದುರೆ, ಇಳಿದಾಗ ಚೆನ್ನಾಗಿಯೇ ಇರುತ್ತದೆ. ಮಾಲೀಕರಿಗೆ ಖುಷಿ. ಮೂರನೇ ದಿನ ಮೇವು ಬಿಡುತ್ತದೆ, ಜ್ವರ 103 ದಾಟುತ್ತದೆ, ನಡೆಯುವಾಗ ಮೊಣಕೈ ಹೊರಗೆ ಚಾಚಿ ಬಿಗಿಯಾಗಿ ಹೆಜ್ಜೆ ಇಡುತ್ತದೆ. ಎದೆಯಲ್ಲಿ ಕೀವು ಕಟ್ಟಲು ಶುರುವಾಗಿರುತ್ತದೆ. ಶಿಪ್ಪಿಂಗ್ ಫೀವರ್ ಅನ್ನುವುದು ಇದನ್ನೇ. ಕುದುರೆ ಮೇಯುವ ಪ್ರಾಣಿ, ದಿನದ ಬಹುಪಾಲು ಅದರ ತಲೆ ನೆಲದ ಹತ್ತಿರ ಇರುತ್ತದೆ, ಗಂಟಲಿನ ಧೂಳು, ಕಫ, ಕ್ರಿಮಿ ಎಲ್ಲ ತಲೆ ತಗ್ಗಿಸಿದಾಗ ಇಳಿದು ಹೋಗುತ್ತದೆ. ತಲೆಯನ್ನು ಮೇಲಕ್ಕೆ ಕಟ್ಟಿ ಹತ್ತಾರು ಗಂಟೆ ನಿಲ್ಲಿಸಿದರೆ ಅವೆಲ್ಲ ಶ್ವಾಸಕೋಶಕ್ಕೆ ಇಳಿಯುತ್ತವೆ. ಅದಕ್ಕೇ ಮೂರು ನಾಲ್ಕು ಗಂಟೆಗೊಮ್ಮೆ ನಿಲ್ಲಿಸಿ, ತಲೆ ಬಿಚ್ಚಿ, ನೀರು ಕೊಟ್ಟು, ಕೆಳಗಿನ ಹುಲ್ಲು ತಿನ್ನಲು ಬಿಡಬೇಕು. ಹುಲ್ಲನ್ನು ನೆನೆಸಿ ಕೊಟ್ಟರೆ ಧೂಳೂ ಕಮ್ಮಿ. ಹೊರಡುವ ಹಿಂದಿನ ದಿನ ಹುರುಳಿ, ಓಟ್ಸು ಎಲ್ಲ ಕಡಿಮೆ ಮಾಡಬೇಕು. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ, ಹೊಟ್ಟೆ ಕೆಟ್ಟರೆ ದಾರಿಯಲ್ಲೇ ಕೋಲಿಕ್, ಅಂದರೆ ತೀವ್ರ ಹೊಟ್ಟೆನೋವು. ತಲುಪಿದ ಮೇಲೆ ಮೂರು ದಿನ ಬೆಳಿಗ್ಗೆ ಸಂಜೆ ಥರ್ಮಾಮೀಟರ್ ಹಾಕಿ. 101 ದಾಟಿತು ಅಂದರೆ ಡಾಕ್ಟರಿಗೆ ಹೇಳಿ, ಕೆಮ್ಮು ಬರಲಿ ಅಂತ ಕಾಯಬೇಡಿ. ಹೊರಡುವ ಮೊದಲು ಗ್ಲ್ಯಾಂಡರ್ಸ್ ಪರೀಕ್ಷೆ ಆಗಿರಬೇಕು ಅಂತ ನಿಮಗೆ ಹೇಳುವುದೇನಿದೆ, ಮನುಷ್ಯರಿಗೂ ಅಂಟುವ ರೋಗ ಅದು.

ನಮ್ಮ ಊರಿಗೂ ಕುದುರೆ ಸಾಗಣೆಗೂ ಹಳೇ ನಂಟಿದೆ. ಜೆ.ಸಿ. ನಗರದ ಮೈಸೂರು ಲ್ಯಾನ್ಸರ್ಸ್ ಸ್ಮಾರಕದ ಮುಂದೆ ಎಷ್ಟೋ ಸಲ ಬಸ್ಸಿನಲ್ಲಿ ಹೋಗಿದ್ದೀರಿ. 1918ರ ಸೆಪ್ಟೆಂಬರ್ 23ರಂದು ಮೊದಲ ಮಹಾಯುದ್ಧದಲ್ಲಿ ಈ ಮೈಸೂರು ಕುದುರೆ ಪಡೆ ಭಾಗವಹಿಸಿದ ಹೈಫಾ (ಈಗಿನ ಇಸ್ರೇಲ್) ದಾಳಿಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಆ ಪಡೆಯ ಕುದುರೆಗಳು ಹಡಗಿನಲ್ಲಿ ಸಮುದ್ರ ದಾಟಿ ಈಜಿಪ್ಟ್ ಮುಟ್ಟಿದ್ದವು, ಹಡಗಿನ ಹೊಟ್ಟೆಯಲ್ಲಿ ಅವುಗಳ ಕಾಲು ಉಜ್ಜಿ, ನೀರು ಕುಡಿಸಿ ಉಳಿಸಿಕೊಂಡವರ ಬಗ್ಗೆ ಮಾತ್ರ ಯಾರೂ ಮಾತಾಡುವುದಿಲ್ಲ. ಈಗಿನ ಕಾಲದಲ್ಲೂ ಕತೆ ಅದೇ. ನಮ್ಮ ಬೆಂಗಳೂರಿನ ಫೌಆದ್ ಮಿರ್ಜಾ ಟೋಕಿಯೋ ಒಲಿಂಪಿಕ್ಸಿಗೆ ಹೋದಾಗ, 20 ವರ್ಷದ ಮೇಲೆ ಭಾರತದಿಂದ ಕುದುರೆ ಸವಾರಿಯಲ್ಲಿ ಒಬ್ಬರು ಅಲ್ಲಿಗೆ ತಲುಪಿದ್ದರು. ಅದಕ್ಕೆ ಅವರು ವರ್ಷಗಟ್ಟಲೆ ಯುರೋಪಿನಲ್ಲೇ ಇದ್ದು ಅಭ್ಯಾಸ ಮಾಡಬೇಕಾಯಿತು. ಇಲ್ಲಿನ ಕುದುರೆಯನ್ನು ರೋಗ ಮತ್ತು ಕ್ವಾರಂಟೈನ್ ಕಾರಣಕ್ಕೆ ನೇರ ಅಲ್ಲಿಗೆ ಕೊಂಡೊಯ್ಯುವ ಹಾಗಿರಲಿಲ್ಲ. 2025ರಲ್ಲಿ ಮೀರತ್‌ನ ಸೇನಾ ಕೇಂದ್ರಕ್ಕೆ ಕುದುರೆ ರೋಗಮುಕ್ತ ತಾಣ ಅಂತ ಅಂತಾರಾಷ್ಟ್ರೀಯ ಮಾನ್ಯತೆ ಸಿಕ್ಕಿದೆ. ಆ ಕೆಲಸ ಮಾಡುವುದು ಸವಾರರಲ್ಲ, ನಮ್ಮಂಥ ಪಶುವೈದ್ಯರು. ಇದನ್ನು ಸ್ವಲ್ಪ ಜಂಬದಿಂದಲೇ ಹೇಳುತ್ತೇನೆ.

ಸಾಹೇಬರು ನಿವೃತ್ತರಾಗಿ ಊರಿಗೆ ಹೋದರು. ನಾನು ಕುದುರೆ ಮೇಲೆ ಕೂರದೆ ಬಹಳ ವರ್ಷ ಆಯಿತು. ಹೊಸಬರು ಯಾರಾದರೂ ಕುದುರೆ ಕೊಂಡು, ಸಾರ್, ನಾಳೆ ಸಾಗಿಸಬೇಕು, ಹತ್ತುತ್ತಾನೇ ಇಲ್ಲ, ಒಂದು ಇಂಜೆಕ್ಷನ್ ಕೊಟ್ಟುಬಿಡಿ ಅಂತ ಫೋನ್ ಮಾಡುತ್ತಾರೆ. ನಾಳೆಗೆ ನನ್ನ ಹತ್ತಿರ ಔಷಧಿ ಇಲ್ಲ ಅನ್ನುತ್ತೇನೆ. ನಡೆಸಿ ಅಭ್ಯಾಸ ಮಾಡಿಸಲು ಹಲಗೆ ಎಲ್ಲಿದೆ ಅಂತ ಕೇಳುತ್ತೇನೆ. ಮತ್ತಿನ ಇಂಜೆಕ್ಷನ್ ಕೊಡುವುದು ಅಂಥ ಸುಲಭದ ಮಾತಲ್ಲ, ಮತ್ತಿನಲ್ಲಿರುವ ಕುದುರೆಗೆ ಓಡುವ ಗಾಡಿಯಲ್ಲಿ ಕಾಲಿನ ಹಿಡಿತವೇ ಇರುವುದಿಲ್ಲ. ತೀರಾ ಅನಿವಾರ್ಯ ಅನ್ನುವ ಕಡೆ ಮಾತ್ರ ಕೊಡುತ್ತೇನೆ, ಕೊಟ್ಟರೆ ಜೊತೆಗೆ ನಾನೂ ಹೋಗುತ್ತೇನೆ.

ಕೊನೆಗೊಂದು ಮಾತು ಕಾಲೇಜಿನವರಿಗೆ. ಮೊನ್ನೆ ಬಂದಾಗ ನೋಡಿದೆ, ಲಾಯ ಚೆನ್ನಾಗಿದೆ, ಹುಡುಗಿಯರೂ ಸವಾರಿ ಮಾಡುತ್ತಿದ್ದರು, ಭೇಷ್. ಹತ್ತಿಸುವ ಅಭ್ಯಾಸಕ್ಕೆ ಅಂತ ಒಂದು ಗುಜರಿ ಲಾರಿಯ ಬಾಡಿ ತಂದು ದಿಬ್ಬದ ಪಕ್ಕ ನಿಲ್ಲಿಸಿದರೆ ಹೇಗೆ? ಚಕ್ರ, ಇಂಜಿನ್ ಏನೂ ಬೇಡ. ಕುದುರೆಗೆ ಬೆಳಗಿನ ಹುಲ್ಲನ್ನು ವಾರಕ್ಕೊಮ್ಮೆ ಅದರೊಳಗೇ ಹಾಕಿ. ಬಾಡಿ, ನೆಲದ ರಬ್ಬರ್ ಮ್ಯಾಟು, ಬಿದಿರು, ಇವುಗಳ ಖರ್ಚು ನಮ್ಮ ಬ್ಯಾಚಿನದು. ಗ್ರೂಪಿನಲ್ಲಿ ಆಗಲೇ ಮಾತಾಡಿಯಾಗಿದೆ, ಎಲ್ಲರೂ ಹೂಂ ಅಂದಿದ್ದಾರೆ. ದಿಬ್ಬಕ್ಕೆ ಮಣ್ಣು ಹೊಡೆಸುವುದು ಮಾತ್ರ ನಿಮ್ಮ ಜವಾಬ್ದಾರಿ, ಮಳೆಗಾಲ ಶುರುವಾಗುವ ಮೊದಲು ಹೊಡೆಸಿ.