ಸ್ಟೇಷನ್ ಮೊದಲು, ಊರು ಆಮೇಲೆ

ನಾನೀಗ ಇರುವ ದಕ್ಷಿಣ ಕೊರಿಯಾದ ದೇಜಾನ್‌ಗೆ ಅಲ್ಲಿನವರೇ ‘ಸಪ್ಪೆ ಊರು’ ಅಂತ ಹೆಸರಿಟ್ಟಿದ್ದಾರೆ. ನೋಡೋಕೆ ಅರಮನೆ ಇಲ್ಲ, ಸಮುದ್ರ ಇಲ್ಲ. ಎಲ್ಲಿಂದ ಇರಬೇಕು ಹೇಳಿ? ನೂರಿಪ್ಪತ್ತು ವರ್ಷದ ಹಿಂದೆ ಇಲ್ಲಿ ದೊಡ್ಡ ಊರೇ ಇರಲಿಲ್ಲ. ಜಪಾನೀಯರು ರಾಜಧಾನಿ ಸೋಲ್‌ನಿಂದ ಬೂಸಾನ್ ಬಂದರಿಗೆ ಹಾಕಿದ ರೈಲುಮಾರ್ಗ 1905ರ ಜನವರಿ 1ಕ್ಕೆ ಶುರುವಾಯಿತು. ಹೊಲಗಳ ನಡುವೆ ಸ್ಟೇಷನ್ ಎದ್ದಿತು, ಅದರ ಸುತ್ತ ಜಪಾನಿ ವ್ಯಾಪಾರಿಗಳು ಬಂದು ಅಂಗಡಿ ಹಾಕಿದರು.

ಹತ್ತಿರದ ಗೋಂಗ್ಜು ಶತಮಾನಗಳಿಂದ ಪ್ರಾಂತ್ಯದ ಆಡಳಿತ ಕೇಂದ್ರ. ಆದರೆ ರೈಲು ಆ ಕಡೆ ಹೋಗಲಿಲ್ಲ. 1914ಕ್ಕೆ ದೇಜಾನ್‌ನಿಂದ ಕವಲೊಡೆದ ಹೋನಾಮ್ ಮಾರ್ಗ ಮೊಕ್ಪೊ ಬಂದರಿನವರೆಗೂ ಮುಗಿಯಿತು. ನೈಋತ್ಯದ ಬಯಲಿನ ಭತ್ತಕ್ಕೆ ದಾರಿಯಾಯಿತು. 1932ರಲ್ಲಿ ಪ್ರಾಂತ್ಯದ ಕಚೇರಿಯನ್ನೇ ಗೋಂಗ್ಜುವಿನಿಂದ ಎತ್ತಿ ಇಲ್ಲಿಗೆ ತಂದರು. ಸ್ಟೇಷನ್ ಮುಂದಿನ ಜುಂಗಾಂಗ್ ರಸ್ತೆಯಲ್ಲಿ ನೇರ ನಡೆದರೆ ಆ ಹಳೇ ಕಚೇರಿಯ ಕಟ್ಟಡವೇ ಸಿಗುತ್ತದೆ. ಗೋಂಗ್ಜುವಿನವರಿಗೆ ಹೊಟ್ಟೆ ಉರಿದಿದ್ದರೆ ತಪ್ಪೇನಿಲ್ಲ.

ಹೋನಾಮ್ ಕಡೆಯ ರೈಲು ಇಲ್ಲಿ ದಿಕ್ಕು ಬದಲಿಸಬೇಕಿತ್ತು. ಎಂಜಿನ್ ಬಿಚ್ಚಿ ಇನ್ನೊಂದು ತುದಿಗೆ ಜೋಡಿಸುವಷ್ಟರಲ್ಲಿ ಪ್ರಯಾಣಿಕರು ಕೆಳಗಿಳಿದು, ಪ್ಲಾಟ್‌ಫಾರ್ಮ್‌ನಲ್ಲೇ ನಿಂತು ಬಿಸಿ ಸಾರಿನ ದಪ್ಪ ನೂಡಲ್ಸ್ ಸುರಿದುಕೊಂಡು, ಸೀಟಿ ಊದುತ್ತಿದ್ದಂತೆ ಓಡಿ ಹತ್ತುತ್ತಿದ್ದರಂತೆ. ಕಾರಾಕ್ ಗುಕ್ಸು ಅದರ ಹೆಸರು. ಮದ್ದೂರಿಗೆ ವಡೆ ಇದ್ದಹಾಗೆ ದೇಜಾನ್‌ಗೆ ಇದು. ಆಮೇಲೆ ದಿಕ್ಕು ಬದಲಿಸದೆ ಹೋಗುವ ಬೈಪಾಸ್ ಹಳಿ ಬಂತು, ಓಡುವ ಅವಸರ ಹೋಯಿತು. ನೂಡಲ್ಸ್ ಮಾತ್ರ ಉಳಿಯಿತು. ಸಸ್ಯಾಹಾರಿಗಳು ಗಮನಿಸಿ: ಸಾರು ಸಾಮಾನ್ಯವಾಗಿ ಒಣಮೀನಿನದು.

1950ರಲ್ಲಿ ಶುರುವಾದ ಕೊರಿಯಾ ಯುದ್ಧದಲ್ಲಿ ಊರು ನೆಲಸಮವಾಯಿತು. ಉತ್ತರ ಕೊರಿಯಾದಿಂದ ತಪ್ಪಿಸಿಕೊಂಡು ಬಂದಿದ್ದ ಇಮ್ ಗಿಲ್-ಸುನ್ ಎಂಬವರು 1956ರಲ್ಲಿ ಸಂಸಾರ ಕಟ್ಟಿಕೊಂಡು ಸೋಲ್‌ಗೆ ಹೊರಟಿದ್ದರು. ರೈಲು ದೇಜಾನ್‌ನಲ್ಲಿ ಕೆಟ್ಟು ನಿಂತಿತು. ಇಳಿದವರಿಗೆ ಇಲ್ಲಿನ ಚರ್ಚ್ ಎರಡು ಮೂಟೆ ಮೈದಾ ಕೊಟ್ಟಿತು. ಅದರಲ್ಲೇ ಸ್ಟೇಷನ್ ಎದುರು ಹಬೆಯಲ್ಲಿ ಬೇಯಿಸಿದ ಬನ್ ಮಾರತೊಡಗಿದರು. ಅದೇ ಇವತ್ತಿನ ಸೊಂಗ್‌ಶಿಮ್‌ದಾಂಗ್ ಬೇಕರಿ. ದೇಜಾನ್ ಬಿಟ್ಟು ಬೇರೆಲ್ಲೂ ಶಾಖೆ ತೆರೆಯುವುದಿಲ್ಲ ಎಂಬ ಹಟ ಅವರದು.

ಈಗ ಸೋಲ್‌ನಿಂದ ಬುಲೆಟ್ ರೈಲಿನಲ್ಲಿ ಸುಮಾರು ಒಂದು ಗಂಟೆ. ಎಷ್ಟೋ ಜನ ಬರುವುದೇ ಸ್ಟೇಷನ್ ಒಳಗಿನ ಆ ಬೇಕರಿಗೆ. ಎಣ್ಣೆಯಲ್ಲಿ ಕರಿದ, ಮೇಲೆ ಗರಿಗರಿ ಪುಡಿ, ಒಳಗೆ ಸಿಹಿ ಅಲಸಂದೆಯಂಥ ಕೆಂಪು ಕಾಳಿನ ಹೂರಣ ಇರುವ ಬನ್ನಿನ ಡಬ್ಬ ಹಿಡಿದು, ಊರಿನ ಕಡೆ ತಿರುಗಿಯೂ ನೋಡದೆ ಮುಂದಿನ ರೈಲು ಹತ್ತುತ್ತಾರೆ. ನಮ್ಮವರು ಯಾರಾದರೂ ಬಂದರೆ ಕ್ಯೂ ಉದ್ದ ಇದ್ದರೂ ನಿಲ್ಲಿ, ಬೇಗ ಸಾಗುತ್ತದೆ.