ಫೈಬರ್ ಬಾಡಿ ಒಡೆಯುವುದಿಲ್ಲವಾ?

ಮನೆಯಲ್ಲೇ ಕಟ್ಟಿದ ಕಾರನ್ನು ನೋಡಲು ಬಂದವರೆಲ್ಲ ಮೊದಲು ಬಾನೆಟ್ಟಿಗೆ ಬೆರಳಿನಿಂದ ಕುಟ್ಟಿ ನೋಡುತ್ತಾರೆ. ತಗಡಿನ ಶಬ್ದ ಬರಲಿಲ್ಲವೆಂದರೆ ಪ್ರಶ್ನೆ ಗ್ಯಾರಂಟಿ: "ಇದು ಒಡೆಯುದಿಲ್ವಾ ಮಾರಾಯ್ರೆ?" ಬದಿಯಡ್ಕದ ಮೆಕ್ಯಾನಿಕ್ಕರೂ ಕೇಳಿದ್ದಾರೆ, ನೆಂಟರೂ ಕೇಳಿದ್ದಾರೆ. ಕೇಳದವರು ಕಸಬಾ ಕಡಪ್ಪುರದ ಮೀನುಗಾರರು ಮಾತ್ರ. ವರ್ಷಗಟ್ಟಲೆ ಅಲೆಯ ಪೆಟ್ಟು ತಿಂದ ಫೈಬರ್ ದೋಣಿಗಳು ಅವರ ಕಣ್ಣೆದುರೇ ಉಂಟಲ್ಲ!

ಒಡೆಯುತ್ತದೆ. ಆದರೆ ನೀವು ಕುಟ್ಟಿದಲ್ಲಿ ಅಲ್ಲ, ನಾನು ಬೋಲ್ಟ್ ಹಾಕಿದಲ್ಲಿ.

ಭಾರ ಹೊರುವುದು ಕಬ್ಬಿಣದ ಪೈಪಿನ ಚಾಸಿ. ಬಾಡಿ ಅದರ ಮೇಲಿನ ಹೊದಿಕೆ ಅಷ್ಟೆ. ಚದರ ಮೀಟರಿಗೆ 450 ಗ್ರಾಂ ತೂಗುವ ಮ್ಯಾಟ್ (ಗಾಜಿನ ನಾರಿನ ಹಾಸು) ಅಚ್ಚಿನಲ್ಲಿ ರೆಸಿನ್ ಎಂಬ ಅಂಟುದ್ರವ ಹಚ್ಚಿ ಎರಡು ಪದರ ಹಾಕಿದರೆ ಸುಮಾರು 2 ಮಿ.ಮೀ. ದಪ್ಪ ಬರುತ್ತದೆ. ಅಂಚಿಗೂ ಬೋಲ್ಟ್ ಬರುವ ಜಾಗಕ್ಕೂ ಇನ್ನೆರಡು ಪದರ. ನಮ್ಮ ಮಳೆಗಾಲದಲ್ಲಿ ಮ್ಯಾಟ್ ತೇವ ಹಿಡಿಯದಂತೆ ನೋಡಿಕೊಂಡರೆ ಎರಕದ ಕೆಲಸವನ್ನು ಯಾರೂ ಕಲಿಯಬಹುದು.

ಕಷ್ಟ ಇರುವುದು ಕೂರಿಸುವುದರಲ್ಲಿ. ರೆಸಿನ್ ಅದೇ ದಿನ ಗಟ್ಟಿಯಾದಂತೆ ಕಂಡರೂ ಒಳಗೆ ಮತ್ತೂ ಹಲವು ದಿನ ಬಲಿಯುತ್ತಾ, ಕುಗ್ಗುತ್ತಾ ಇರುತ್ತದೆ. ಅವಸರದಲ್ಲಿ ಅಚ್ಚಿನಿಂದ ತೆಗೆದ ಪ್ಯಾನೆಲ್ (ಬಾಡಿಯ ತುಂಡು) ತಿರುಚಿಕೊಳ್ಳುತ್ತದೆ. ಚಾಸಿಯ ಮೇಲಿಟ್ಟರೆ ಒಂದು ಮೂಲೆ ನಾಲ್ಕೈದು ಮಿ.ಮೀ. ಎದ್ದು ನಿಲ್ಲುತ್ತದೆ. ಆಗ ಹೆಚ್ಚಿನವರು ಮಾಡುವುದೇನು? ಸ್ಪ್ಯಾನರ್ ಹಿಡಿದು ಸಂದು ಮುಚ್ಚುವವರೆಗೆ ಬಿಗಿಯುವುದು. ಸಂದು ಮುಚ್ಚುತ್ತದೆ, ನಿಜ. ಆದರೆ ಪ್ಯಾನೆಲ್ ಹಗಲು ರಾತ್ರಿ ಬಾಗಿಕೊಂಡೇ ಇರುತ್ತದೆ. ಒಂದು ಚಕ್ರ ಗುಂಡಿಗೆ ಇಳಿದು ಚಾಸಿ ಸ್ವಲ್ಪ ತಿರುಚಿತೋ, ಬೋಲ್ಟಿನ ಸುತ್ತ ಜೆಲ್‌ಕೋಟಿನಲ್ಲಿ, ಅಂದರೆ ಹೊರಮೈಯ ನಯವಾದ ಪದರದಲ್ಲಿ, ನಕ್ಷತ್ರದಂಥ ಬಿರುಕು.

ಹಾಗಾಗಿ ಪ್ಯಾನೆಲನ್ನು ಚಾಸಿಯಲ್ಲಿ ಅದನ್ನು ಹಿಡಿಯುವ ಬ್ರಾಕೆಟ್ಟಿಗೆ ಎಳೆಯಬೇಡಿ, ಬ್ರಾಕೆಟ್ಟನ್ನೇ ಪ್ಯಾನೆಲ್ ಇದ್ದಲ್ಲಿಗೆ ತನ್ನಿ. ಮೊದಲು ಬಾಗಿಲು, ಬಾನೆಟ್ಟುಗಳ ಸಂದು ಸಮ ಮಾಡಿ ಎಲ್ಲವನ್ನೂ ಸಡಿಲವಾಗಿ ಇಡಿ. ಮತ್ತೆ ಬ್ರಾಕೆಟ್ ಬೆಸುಗೆ. ಎಲ್ಲಿ ಎರಡು ಮಿ.ಮೀ. ಕಡಿಮೆಯೋ ಅಲ್ಲಿ ವಾಷರ್ ತುಂಬಿಸಿ. 6 ಮಿ.ಮೀ. ಬೋಲ್ಟಿಗೆ 8 ಮಿ.ಮೀ. ತೂತು ಇರಲಿ. ಬಿಸಿಲಿಗೆ ಫೈಬರ್ ಕಬ್ಬಿಣದ ಸುಮಾರು ಎರಡು ಪಟ್ಟು ಹಿಗ್ಗುತ್ತದೆ, ಅದಕ್ಕೆ ಸರಿಯಲು ಜಾಗ ಬೇಡವೇ? ಎರಡೂ ಕಡೆ ಅಗಲದ ವಾಷರ್, ನಡುವೆ ರಬ್ಬರ್. ತೂತನ್ನು ಜೆಲ್‌ಕೋಟಿನ ಕಡೆಯಿಂದ, ಮಾಸ್ಕಿಂಗ್ ಟೇಪ್ ಅಂಟಿಸಿ ಕೊರೆಯಬೇಕು. ಹಿಂದಿನಿಂದ ಕೊರೆದರೆ ಹೊರಮೈ ಚಕ್ಕೆ ಏಳುತ್ತದೆ.

"ಕಂಪೆನಿ ಕಾರಿಗೆ ಹೀಗೆ ಮಾಡ್ತಾರಾ?" ಎಂಬುದು ಮುಂದಿನ ಪ್ರಶ್ನೆ. 1953ರ ಅಮೆರಿಕದ ಕಾರ್ವೆಟ್‌ಗೂ, 1980ರ ದಶಕದಲ್ಲಿ ನಮ್ಮ ಬೆಂಗಳೂರಿನಲ್ಲೇ ತಯಾರಾದ ಸಿಪಾನಿ ಡಾಲ್ಫಿನ್‌ಗೂ ಫೈಬರ್ ಬಾಡಿಯೇ. (ರಸ್ತೆಗೆ ಇಳಿಸುವುದು ಬೇರೆಯೇ ಕಥೆ. ಪುಣೆಯ ಎಆರ್‌ಎಐಯಂಥ ಸಂಸ್ಥೆಯ ಪರೀಕ್ಷೆ ಪಾಸಾಗದೆ ಹೊಸ ಮಾದರಿಗೆ ನೋಂದಣಿ ಇಲ್ಲ. ನನ್ನದು ಅಡಿಕೆ ತೋಟದ ದಾರಿಯಲ್ಲೇ ಓಡುತ್ತದೆ.)

ಬಿರುಕು ಬಂದರೂ ಹೆದರಬೇಕಾಗಿಲ್ಲ, ತಗಡಿಗಿಂತ ರಿಪೇರಿ ಸುಲಭ. ಮೇಲಿನಿಂದ ಪುಟ್ಟಿ ಮೆತ್ತುವುದೊಂದು ಬೇಡ. ಬೋಲ್ಟ್ ಸಡಿಲಿಸಿ, ಪ್ಯಾನೆಲ್ ಎತ್ತ ಸರಿಯಿತು ನೋಡಿ, ಮೊದಲು ಬ್ರಾಕೆಟ್ ಸರಿಪಡಿಸಿ. ಆಮೇಲೆ ಹಿಂಬದಿ ಉಜ್ಜಿ ಎರಡು ಪದರ ಮ್ಯಾಟ್ ಹಾಕಿ.