ಮೇಜಿಗೆ ವಾಪಸು ಬಂದ ಆರು ಸಾವಿರ

ಕಾಸರಗೋಡಿನ ಬದಿಯಡ್ಕದ ಹತ್ತಿರ ಒಂದು ಅಡಿಕೆ ಗೋದಾಮಿನಲ್ಲಿ ನಾನು ರೈಟರ್. ತೂಕ, ಲೆಕ್ಕ, ಹಾಜರಿ ಎಲ್ಲ ನನ್ನ ಕೈಯಲ್ಲಿ. ಅಡಿಕೆ ಹೆಕ್ಕಲು ಏಳು ಮಂದಿ ಹೆಂಗಸರು ಬರುತ್ತಾರೆ. ಪಟೋರ, ಉಳ್ಳಿ, ಕೋಕ, ಕರಿಗೋಟು ಅಂತ ಬೇರೆ ಬೇರೆ ರಾಶಿ ಮಾಡುವಾಗ ಅವರು ಅಡಿಕೆಯನ್ನು ನೋಡುವುದೇ ಇಲ್ಲ, ಬೆರಳಿಗೇ ಗೊತ್ತಾಗುತ್ತದೆ.

ಕಳೆದ ವರ್ಷ ಆಟಿ ತಿಂಗಳ ಮಳೆಯಲ್ಲಿ ಒಂದು ಲೋಡು ತುರ್ತಾಗಿ ಹೋಗಬೇಕಾಯಿತು. ಒಬ್ಬಳು ರಜೆಯಲ್ಲಿದ್ದಳು. ಉಳಿದ ಆರು ಮಂದಿ ರಾತ್ರಿ ಎರಡರವರೆಗೆ ಕೂತು ಹೆಕ್ಕಿದರು, ನಾನೂ ತೂಕದ ಹತ್ತಿರ ನಿಂತೇ ಇದ್ದೆ. ಧಣಿಗೆ ಸಂತೋಷವಾಗಿ ಸಂಬಳದ ಹೊರತು ಹತ್ತು ಸಾವಿರ ರೂಪಾಯಿ ನನ್ನ ಕೈಗೆ ಕೊಟ್ಟು, "ಎಲ್ಲರೂ ಹಂಚಿಕೊಳ್ಳಿ" ಅಂದರು. ನಾನು ನಾಲ್ಕು ಸಾವಿರ ಇಟ್ಟುಕೊಂಡು ಅವರಿಗೆ ತಲಾ ಒಂದು ಸಾವಿರ ಕೊಟ್ಟೆ. ಒಟ್ಟು ಎಷ್ಟು ಬಂತು ಅಂತ ಹೇಳಲಿಲ್ಲ. ನನ್ನ ಜವಾಬ್ದಾರಿ ಹೆಚ್ಚು, ಅದಕ್ಕೆ ಪಾಲೂ ಹೆಚ್ಚು ಅಂತ ಮನಸ್ಸಿಗೆ ಸಮಾಧಾನ ಹೇಳಿಕೊಂಡಿದ್ದೆ.

ಎರಡು ದಿನ ಕಳೆದು ಧಣಿಯ ಬಾಯಿಂದಲೇ ಸುದ್ದಿ ಹೊರಬಿತ್ತು. ಮರುದಿನ ಬೆಳಿಗ್ಗೆ ಆರು ಸಾವಿರವೂ ನನ್ನ ಮೇಜಿನ ಮೇಲಿತ್ತು. "ನಮಗೆ ಬೇಡ ರೈಟರೇ" ಅಂದರು ಅವರಲ್ಲಿ ಹಿರಿಯ ಅಕ್ಕ. ಬೇರೆ ಒಂದು ಮಾತಿಲ್ಲ.

ಆ ಆರು ಮಂದಿಯಲ್ಲಿ ಒಬ್ಬಳ ಮಗನ ಶಾಲೆಯ ಫೀಸು ಬಾಕಿ ಇತ್ತು. ಅವಳೂ ವಾಪಸು ಕೊಟ್ಟಿದ್ದಳು. ಅವತ್ತಿನಿಂದ ಐದು ಗಂಟೆಗೆ ಸರಿಯಾಗಿ ಎದ್ದು ಹೋಗತೊಡಗಿದರು. ಇನ್ನೊಂದೇ ಗೋಣಿ ಉಳಿದಿದ್ದರೂ ಅಷ್ಟೇ, ಓಟಿ ಹಣವೂ ಬೇಡ. ರಜೆಯಲ್ಲಿದ್ದವಳಿಗೆ ಈ ವಿಷಯದಲ್ಲಿ ನಷ್ಟವೂ ಇರಲಿಲ್ಲ, ಲಾಭವೂ ಇರಲಿಲ್ಲ. ಆದರೆ ಊಟದ ಹೊತ್ತಿಗೆ ನನಗೆ ಮಿಡಿ ಉಪ್ಪಿನಕಾಯಿ ಹಾಕುತ್ತಿದ್ದವಳು ಅವಳೇ, ಅವಳು ಅದನ್ನು ನಿಲ್ಲಿಸಿದಳು. ನನಗೆ ಹೆಚ್ಚು ತಾಗಿದ್ದು ಅದು.

ಮೊದಲು ನನಗೆ ಬಂದದ್ದು ಸಿಟ್ಟು. ಬರುವ ಹಣವನ್ನು ಕಾಲಿಂದ ಒದೆಯುವವರಿಗೆ ಏನು ಹೇಳುವುದು? ಆಮೇಲೆ ಇದರ ಬಗ್ಗೆ ಓದತೊಡಗಿದೆ. 1982ರಲ್ಲಿ ಜರ್ಮನಿಯ ವರ್ನರ್ ಗ್ಯೂತ್ ಮತ್ತು ಸಂಗಡಿಗರು ಒಂದು ಆಟ ಆಡಿಸಿದ್ದರು. ಒಬ್ಬನ ಕೈಗೆ ಹಣ ಕೊಡುತ್ತಾರೆ, ಅವನು ಪಾಲು ಹೇಳಬೇಕು. ಇನ್ನೊಬ್ಬ ಒಪ್ಪಿದರೆ ಇಬ್ಬರಿಗೂ ಸಿಗುತ್ತದೆ, ಬೇಡ ಅಂದರೆ ಇಬ್ಬರಿಗೂ ಸೊನ್ನೆ. ಆಮೇಲೆ ಎಷ್ಟೋ ದೇಶಗಳಲ್ಲಿ ಇದನ್ನು ಆಡಿಸಿದರು. ನೂರರಲ್ಲಿ ಇಪ್ಪತ್ತಕ್ಕಿಂತ ಕಡಿಮೆ ಕೊಟ್ಟರೆ ಹೆಚ್ಚುಕಡಿಮೆ ಅರ್ಧದಷ್ಟು ಸಲ ಜನ ಬೇಡ ಅಂದುಬಿಡುತ್ತಾರೆ. ನಾನು ತಲಾ ಕೊಟ್ಟದ್ದು ನೂರರಲ್ಲಿ ಹತ್ತು.

2003ರಲ್ಲಿ ಅಲನ್ ಸ್ಯಾನ್ಫಿ ತಂಡ ಇದೇ ಆಟ ಆಡುವವರ ಮಿದುಳನ್ನು ಸ್ಕ್ಯಾನ್ ಮಾಡಿ ನೋಡಿತು. ಅನ್ಯಾಯದ ಪಾಲು ಕಂಡಾಗ ಚುರುಕಾದ ಭಾಗಗಳಲ್ಲಿ ಒಂದು, ಹೇಸಿಗೆ ಆದಾಗಲೂ ಚುರುಕಾಗುವಂಥದ್ದು. ಅದೇ ಸಣ್ಣ ಪಾಲನ್ನು ಕಂಪ್ಯೂಟರ್ ಕೊಟ್ಟರೆ ಜನ ಅಷ್ಟು ತಿರಸ್ಕರಿಸಲಿಲ್ಲ. ಇದನ್ನು ಓದಿ ನಾನು ತುಂಬ ಹೊತ್ತು ಸುಮ್ಮನೆ ಕೂತೆ. ನಮ್ಮ ತಕ್ಕಡಿ ಕೆಟ್ಟು ಅವರಿಗೆ ಅಷ್ಟೇ ಹಣ ಕಡಿಮೆಯಾಗಿದ್ದರೆ ಅವರು ನಕ್ಕು ಬಿಡುತ್ತಿದ್ದರು. ಇಲ್ಲಿ ಕಡಿಮೆ ಮಾಡಿದ್ದು ನಾನು, ದಿನಾ ಎದುರಿಗೆ ಕೂರುವವನು.

ಉಪ್ಪಿನಕಾಯಿಗೂ ಉತ್ತರ ಸಿಕ್ಕಿತು. ಅರ್ನ್ಸ್ಟ್ ಫೆಹ್ರ್ ಮತ್ತು ಉರ್ಸ್ ಫಿಶ್‌ಬಾಕರ್ 2004ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪಾಲಿನಲ್ಲಿ ಸೇರದೆ ಬದಿಯಲ್ಲಿ ಕೂತು ನೋಡಿದ ಮೂರನೆಯವರಲ್ಲೂ ಅರ್ಧಕ್ಕಿಂತ ಹೆಚ್ಚು ಮಂದಿ ಸ್ವಂತ ಹಣ ಕಳೆದುಕೊಂಡು ಅನ್ಯಾಯ ಮಾಡಿದವನಿಗೆ ದಂಡ ಹಾಕಿದರು. ನಮ್ಮ ಕಡೆ ಇದನ್ನು ತಿಳಿಯಲು ಪ್ರಯೋಗ ಬೇಕಿಲ್ಲ. ಮದುವೆಮನೆಯಲ್ಲಿ ಒಂದು ಪಂಕ್ತಿಗೆ ಪಾಯಸ ಕಡಿಮೆ ಬಡಿಸಿದರೆ ಪಕ್ಕದ ಪಂಕ್ತಿಯವರೇ ಮೊದಲು ಕೂಗುವುದು.

ನನಗೆ ದಾರಿ ತೋರಿಸಿದ್ದು 2005ರಲ್ಲಿ ಷಿಯಾವೊ ಮತ್ತು ಹೌಸರ್ ಆ ಮೊದಲಿನ ಆಟದಲ್ಲಿ ಮಾಡಿದ ಸಣ್ಣ ಬದಲಾವಣೆ. ಪಾಲು ಪಡೆಯುವವನು ಹಂಚಿದವನಿಗೆ ಒಂದು ಚೀಟಿ ಬರೆಯಬಹುದು, ಬೈದು ಬೇಕಾದರೂ ಬರೆಯಬಹುದು. ಅಷ್ಟು ಅವಕಾಶ ಸಿಕ್ಕಿದ ಮೇಲೆ ಸಣ್ಣ ಪಾಲನ್ನು ತಿರಸ್ಕರಿಸುವವರು ಸ್ಪಷ್ಟವಾಗಿ ಕಡಿಮೆಯಾದರು. ನಮ್ಮ ಹೆಂಗಸರಿಗೆ ನನ್ನನ್ನು ಬೈಯಲು ಒಂದು ಜಾಗ ಇರಲಿಲ್ಲ. ಅದಕ್ಕೇ ಹಣದಲ್ಲಿ ಮಾತಾಡಿದರು.

ಒಂದು ಸಂಜೆ ಚಾಯದ ಹೊತ್ತಿಗೆ ನನ್ನ ನಾಲ್ಕು ಸಾವಿರವನ್ನೂ ಸೇರಿಸಿ ಅವರ ಮುಂದೆ ಇಟ್ಟೆ. "ತಪ್ಪು ನನ್ನದು. ಹೇಳುವುದೆಲ್ಲ ಹೇಳಿ" ಅಂದೆ. ಅರ್ಧ ಗಂಟೆ ಹೇಳಿದರು. ಕನ್ನಡದಲ್ಲಿ ತೊಡಗಿ ತುಳುವಿಗೆ ಹೋಯಿತು, ಒಬ್ಬಳು ಮಲಯಾಳದಲ್ಲಿ. ಕೊನೆಗೆ ಹಿರಿಯ ಅಕ್ಕ ಹೇಳಿದರು: "ನೀವು ಹೆಚ್ಚು ತಕ್ಕೊಂಡದ್ದಕ್ಕಲ್ಲ ರೈಟರೇ. ಎಷ್ಟು ಬಂದದ್ದು ಅಂತ ನಮ್ಮತ್ರ ಮುಚ್ಚಿದ್ದು ಯಾಕೆ?"

ಪಾಲು ನೀವೇ ಮಾಡಿ ಅಂದೆ. ಏಳು ಸಮ ಪಾಲು ಮಾಡುತ್ತಾರೆ ಅಂತ ನಾನು ಎಣಿಸಿದ್ದೆ. ಅವರು ತಲಾ ಸಾವಿರದ ನಾನೂರು ತೆಗೆದುಕೊಂಡು ನನಗೆ ಸಾವಿರದ ಆರುನೂರು ಕೊಟ್ಟರು. ರಾತ್ರಿಯಿಡೀ ನಿಂತವನು ನಾನು, ಅವರಿಗೆ ಕೂರಲಿಕ್ಕಾದರೂ ಇತ್ತು ಅಂತ ಕಾರಣ ಹೇಳಿದರು.

ಈಗ ಧಣಿ ಹೆಚ್ಚು ಏನು ಕೊಟ್ಟರೂ ಮೊತ್ತವನ್ನು ಬಾಗಿಲ ಬಳಿಯ ಬೋರ್ಡಿನಲ್ಲಿ ಕನ್ನಡದಲ್ಲೂ ಮಲಯಾಳದಲ್ಲೂ ಬರೆಯುತ್ತೇನೆ. ಪಾಲಿನ ಚರ್ಚೆಗೆ ಹೊತ್ತು ಹೋಗುತ್ತದೆ, ಒಮ್ಮೆ ಲಾರಿಯವನೂ ಕಾಯಬೇಕಾಯಿತು. ಆರು ಮಂದಿ ಮೊದಲಿನ ಹಾಗೆ ಮಾತಾಡುತ್ತಾರೆ. ಉಪ್ಪಿನಕಾಯಿಯವಳು ಕೆಲಸದ ಮಾತಷ್ಟೇ ಆಡುತ್ತಾಳೆ, ಭರಣಿ ಇನ್ನೂ ನನ್ನ ಕಡೆ ಬಂದಿಲ್ಲ.